ಗುಂಡಿಯಮ್ಮನ ಮೂಗೆತ್ತುವ ಗಾಡಿ

ಅಪ್ಪ ಅಮ್ಮ ಇಟ್ಟ ಹೆಸರು ಆಕೆಗೂ ಒಂದಿತ್ತು. ಆದರೆ ಮೂವತ್ಮೂರು ವರ್ಷ ಬಸ್ ಡಿಪೋದ ಗುಂಡಿಯಲ್ಲಿ ನಿಂತು, ತಲೆಯ ಮೇಲಿನ ಆಕಾಶವೆಂದರೆ ಎಣ್ಣೆ ಜಿನುಗುವ ಕಬ್ಬಿಣ ಎಂದುಕೊಂಡೇ ಬಾಳಿದವಳನ್ನು ಜನ ಗುಂಡಿಯಮ್ಮ ಎಂದಲ್ಲದೆ ಇನ್ನೇನೆಂದು ಕರೆದಾರು? ಕೆಲಸಕ್ಕೆ ಸೇರಿದ ದಿನ ಮೇಸ್ತ್ರಿ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇಲ್ಲಿ ಕಸ ಗುಡಿಸೋ ಕೆಲಸ ಖಾಲಿ ಇಲ್ಲಮ್ಮ" ಅಂದಿದ್ದ. "ಗುಡಿಸೋರು ಬೇಕು ಅಂತ ಕಾಣುತ್ತೆ, ಆದ್ರೆ ನಾನು ಅದಕ್ಕೆ ಬಂದಿಲ್ಲ" ಎಂದು ಗುಂಡಿಗೆ ಇಳಿದವಳು ನಿವೃತ್ತಿಯ ದಿನವೇ ಮೇಲೆ ಹತ್ತಿದ್ದು. ನಡುವೆ ಮದುವೆಗೆಂದು ಮೂರು ದಿನ ಮೇಲೆ ಬಂದಿದ್ದಳಂತೆ, ಡಿಪೋದವರು ಹಾಗೆ ಆಡಿಕೊಳ್ಳುತ್ತಿದ್ದರು.

ಆ ಮದುವೆಯ ಗಂಡು ಭೂಗೋಳದ ಮೇಷ್ಟ್ರು. ಯಾವ ದೇಶದ ಗಡಿಯನ್ನಾದರೂ ಕಣ್ಣು ಮುಚ್ಚಿ ಹಲಗೆಯ ಮೇಲೆ ಎಳೆಯಬಲ್ಲವರು. ಒಮ್ಮೆ ಮನೆಯ ನಲ್ಲಿಗೆ ವಾಷರ್ ಹಾಕಲು ಹೋಗಿ ಇಡೀ ಬೀದಿಗೆ ನೀರು ಹರಿಸಿದ್ದರು. ಅಂದಿನಿಂದ ಸ್ಪ್ಯಾನರ್ ಮುಟ್ಟಬೇಡಿ ಎಂದು ಹೆಂಡತಿ ಕಟ್ಟಪ್ಪಣೆ ಮಾಡಿದ್ದಳು, ಅವರೂ ಒಳಗೊಳಗೇ ಸಂತೋಷಪಟ್ಟಿದ್ದರು.

ಗುಂಡಿಯಮ್ಮನಿಗೊಂದು ಹಳೇ ಡ್ರ್ಯಾಗ್ ಕಾರಿತ್ತು. ನೇರ ರಸ್ತೆಯ ಓಟದ ಗಾಡಿ. ದೀಪ ಹಸಿರಾದ ಕೂಡಲೇ ಎರಡು ಗಾಡಿಗಳು ಕಾಲು ಮೈಲಿ ನೆಟ್ಟಗೆ ಓಡುವುದು, ಮೊದಲು ಮುಟ್ಟಿದವರು ಗೆದ್ದರು, ಅಷ್ಟೇ ಆಟ. ಮೇಷ್ಟ್ರ ಪ್ರಕಾರ ಇದು ತಿರುಗಲು ಬಾರದವರ ಆಟ. ಇಪ್ಪತ್ತೈದನೇ ವಯಸ್ಸಿನಲ್ಲಿ ಗುಜರಿಯಿಂದ ಎಳೆದು ತಂದ ಆ ಗಾಡಿಯನ್ನು ಅವಳು ಹತ್ತು ವರ್ಷ ಓಡಿಸಿದಳು. ಆಮೇಲೆ ಮುಂಭಾಗ ಸವೆದು ಗಾಡಿ ಶೆಡ್ಡು ಸೇರಿತು. ಇಪ್ಪತ್ತೆರಡು ವರ್ಷ ಅದರ ಬಾನೆಟ್ಟಿನ ಮೇಲೆ ಮನೆಯ ಬಟ್ಟೆಗಳು ಒಣಗಿದವು. ನಿವೃತ್ತಿಯಾದ ಮೇಲೆ ಇಂಜಿನ್ನನ್ನು ಬಿಚ್ಚಿ ಕಟ್ಟಿ, ಹಳೇ ಗಾಡಿಗಳ ಓಟವಿದೆ ಎಂದು ತಿಳಿದದ್ದೇ ತಡ, ಅವಳು ಗಾಡಿಯನ್ನು ಜೀಪಿಗೆ ಕಟ್ಟಿ ಟ್ರ್ಯಾಕಿಗೆ ಎಳೆದುಕೊಂಡು ಹೋದಳು.

ಅಲ್ಲಿ ಗಾಡಿಗಳನ್ನು ತಪಾಸಣೆ ಮಾಡುವವನು ಬೇರೆ ಯಾರೂ ಅಲ್ಲ, ಅವಳ ಸ್ವಂತ ತಮ್ಮ. ಬಿಳಿ ಅಂಗಿ, ಕತ್ತಿನಲ್ಲಿ ಗುರುತಿನ ಚೀಟಿ, ಬಗಲಲ್ಲಿ ನಿಯಮಗಳ ಪುಸ್ತಕ. ಅವನು ಮುಂಭಾಗವನ್ನು ಜಾಕಿಯಲ್ಲಿ ಎತ್ತಿಸಿ, ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದ. ಟಕ್ ಟಕ್ ಎಂದಿತು. ಇನ್ನೊಂದು ಚಕ್ರವೂ ಅಷ್ಟೇ.

"ಅಕ್ಕ, ಇದು ಓಡಿಸೋ ಗಾಡಿ ಅಲ್ಲ. ಪ್ರದರ್ಶನದ ಸಾಲಲ್ಲಿ ನಿಲ್ಲಿಸು. ಸುತ್ತ ಹಗ್ಗ ಕಟ್ತೀವಿ, ಜನ ಫೋಟೋ ತೆಗೆಸ್ಕೋತಾರೆ."

"ಪಕ್ಕದಲ್ಲಿ ನನ್ನನ್ನೂ ನಿಲ್ಲಿಸ್ತೀಯೇನೋ?"

"ಹಂಗಲ್ಲ ಅಕ್ಕ..."

"ನಿನಗೆ ಪಂಚರ್ ಹಾಕೋದು ಕಲಿಸಿದ್ದು ಯಾರೋ?"

"ನೀನೇ. ಅದಕ್ಕೇ ಬಿಡೋಕಾಗಲ್ಲ. ಬಿಟ್ರೆ ಅಕ್ಕ ಅಂತ ಬಿಟ್ಟ ಅಂತಾರೆ. ಆರು ವಾರ ಟೈಮಿದೆ. ಆಗಲೂ ಹಿಂಗೇ ಅಲ್ಲಾಡಿದ್ರೆ ಓಟದ ಪಟ್ಟಿಯಿಂದ ಗಾಡಿ ಹೆಸರು ಹೊಡೆದುಹಾಕ್ತಾರೆ. ಆಮೇಲೆ ಖಾಯಂ ಆಗಿ ಪ್ರದರ್ಶನಕ್ಕೇ."

ಗುಂಡಿಯಮ್ಮ ಗಾಡಿಯನ್ನು ವಾಪಸ್ ಎಳೆದಳು. ದಾರಿಯುದ್ದಕ್ಕೂ ಅವಳು ಹಲ್ಲು ಕಡಿಯುತ್ತಿದ್ದ ಸದ್ದನ್ನು ಮೇಷ್ಟ್ರು ಜೀಪಿನ ಇಂಜಿನ್ನಿನ ತೊಂದರೆ ಎಂದೇ ಭಾವಿಸಿದ್ದರು.

ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆದುಕೊಡುವ ಪಕ್ಕದ ಬೀದಿಯ ಅಜ್ಜ ಗಾಡಿಯ ಕೆಳಗೆ ಬಗ್ಗಿ ನೋಡಿ ತಲೆಯಾಡಿಸಿದ. "ಗುಂಡಿಯಮ್ಮ, ಇದನ್ನ ಪೂರ್ತಿ ಕತ್ತರಿಸಿ ಬಿಸಾಕಿ. ಹೊಸ ಗಾಡಿದು ಮುಂಭಾಗ ತಂದು ವೆಲ್ಡ್ ಮಾಡ್ಕೊಡ್ತೀನಿ. ಎಲ್ಲರೂ ಈಗ ಹಂಗೇ ಮಾಡೋದು."

"ನಿಮ್ಮ ಮಂಡಿ ನೋಯುತ್ತೆ ಅಂತಿದ್ರಲ್ಲ, ಕತ್ತರಿಸಿ ಪಕ್ಕದ ಮನೆಯವನ ಕಾಲು ಹಾಕಿಸ್ಕೊಂಡ್ರಾ?"

"ಅವನ ಕಾಲು ಇನ್ನೂ ಮೋಸ, ಬಿಡಿ" ಎಂದು ಅಜ್ಜ ಅಳತೆ ಕಡ್ಡಿ ತೆಗೆದ.

ಕೆಲಸ ಶುರುವಾಯಿತು. ಮುಂದಿನ ಚಕ್ರಗಳನ್ನು ಗಾಡಿಗೆ ಹಿಡಿದಿಡಲು ಎರಡೂ ಕಡೆ ಮೇಲೊಂದು ಕೆಳಗೊಂದು ಕಬ್ಬಿಣದ ತೋಳು, ಅವುಗಳ ನಡುವೆ ಅದುಮಿ ಕೂತ ಸುರುಳಿ ಸ್ಪ್ರಿಂಗು. ಸ್ಪ್ರಿಂಗನ್ನು ಬಿಚ್ಚುವಾಗ ಒಂದಿಷ್ಟು ಎಚ್ಚರ ತಪ್ಪಿದರೂ ಅದು ಎದುರಿಗಿದ್ದವರ ಮುಖ ಮೂತಿ ನೋಡುವುದಿಲ್ಲ. ಹಾಗಾಗಿ ಅವಳು ಮೇಷ್ಟ್ರನ್ನು ಗೋಡೆಯ ಹಿಂದೆ ನಿಲ್ಲಿಸಿದಳು. "ನಿನಗೇನಾದ್ರೂ ಆದ್ರೆ?" ಎಂದು ಅವರು ಗೋಡೆಯಾಚೆಯಿಂದ ಕೂಗಿದರು. "ನನಗೇನಾದ್ರೂ ಆದ್ರೆ ನೀವು ಬಂದು ಏನ್ ಮಾಡ್ತೀರಿ, ನಕ್ಷೆ ಬರೀತೀರಾ?" ಎಂದು ಇವಳು ಕೂಗಿದಳು. ಸ್ಪ್ರಿಂಗು ಸಾಧುವಾಗಿ ಹೊರಬಂತು.

ತೋಳುಗಳನ್ನು ಉಜ್ಜಿ ತೊಳೆದು, ಸೀಮೆಎಣ್ಣೆ ಹಚ್ಚಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿದಳು. ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಜಿನುಗಿ ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಅರ್ಧ ಗಂಟೆ ಕಾದರೂ ಗೆರೆ ಮೂಡಲಿಲ್ಲ. ಮೇಷ್ಟ್ರಿಗೆ ಇದು ಬಹಳ ಹಿಡಿಸಿತು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದು ತಾವೊಂದು ಬಿರುಕನ್ನೂ ಪತ್ತೆಹಚ್ಚಿರಲಿಲ್ಲ ಎಂದು ಒಪ್ಪಿಕೊಂಡರು. ಸವೆದ ಕೀಲುಗಳ ಜಾಗಕ್ಕೆ ಹೊಸವು ಬಂದವು, ತೋಳುಗಳ ತುದಿಗೆ ಅಜ್ಜ ಕಡೆದುಕೊಟ್ಟ ಕಬ್ಬಿಣದ ಬಳೆಗಳ ಒಳಗೆ ಬೋಲ್ಟನ್ನು ಸುತ್ತಿ ಹಿಡಿಯುವ ಹೊಸ ರಬ್ಬರ್ ಬುಷ್‌ಗಳು ಕೂತವು. ನಾಲ್ಕನೇ ವಾರದ ಕೊನೆಗೆ ಅವಳು ಎಲ್ಲ ಬೋಲ್ಟುಗಳನ್ನೂ ಮೈಯ ಭಾರವೆಲ್ಲ ಹಾಕಿ ಬಿಗಿದು, ಗಾಡಿಯನ್ನು ಎತ್ತಿಟ್ಟಿದ್ದ ಸ್ಟ್ಯಾಂಡುಗಳಿಂದ ನೆಲಕ್ಕಿಳಿಸಿದಳು.

ಗಾಡಿ ಮೂಗೆತ್ತಿಕೊಂಡೇ ನಿಂತಿತು. ಇರಬೇಕಾದದ್ದಕ್ಕಿಂತ ಮೂರು ಬೆರಳು ಮೇಲೆ. ಒತ್ತಿದರೂ ಇಳಿಯದು, ಜಪ್ಪಯ್ಯ ಅಂದರೂ ಇಳಿಯದು.

"ಹೊಸದಲ್ವಾ, ಕೂತ್ಕೊಳ್ಳುತ್ತೆ" ಅಂದಳು ಗುಂಡಿಯಮ್ಮ.

"ಸ್ಪ್ರಿಂಗು ಹಳೇದೇ ಅಂದಿದ್ಯಲ್ಲೇ?"

"ನಿಮಗ್ಯಾಕ್ರೀ ಅದೆಲ್ಲ?"

ಎರಡು ದಿನ ಅವಳು ಮುಖ ಊದಿಸಿಕೊಂಡು ಓಡಾಡಿದಳು. ಗಾಡಿಗೂ ಅವಳಿಗೂ ಮಾತಿರಲಿಲ್ಲ. ಮೂರನೇ ದಿನ ಮಧ್ಯಾಹ್ನ ಮೇಷ್ಟ್ರು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಸುಮ್ಮನೆ ಮಾತಿಗೆಂದು ಕೇಳಿದರು: "ಡಿಪೋದಲ್ಲೂ ಬಸ್ಸನ್ನ ಹಿಂಗೇ ಎತ್ತಿಡ್ತಿದ್ರಾ?"

"ಅಯ್ಯೋ ನಿಮ್ಮ, ಬಸ್ಸನ್ನ ಯಾಕ್ ಎತ್ತೋಣ? ಗುಂಡಿ ಇತ್ತಲ್ಲ. ಬಸ್ಸು ಅದರ ಪಾಡಿಗೆ ಅದು ತನ್ನ ಚಕ್ರದ ಮೇಲೆ ನಿಂತಿರ್ತಿತ್ತು, ನಾವು ಕೆಳಗಿಂದ..."

ಮಾತು ಅಲ್ಲಿಗೇ ನಿಂತಿತು. ಕೈಯಲ್ಲಿದ್ದ ಸ್ಪ್ಯಾನರೂ ನಿಂತಿತು.

ಮೂವತ್ಮೂರು ವರ್ಷ ಅವಳು ಬಿಗಿದ ಪ್ರತಿ ಬೋಲ್ಟನ್ನೂ ಬಸ್ಸಿನ ಭಾರ ಚಕ್ರದ ಮೇಲಿದ್ದಾಗಲೇ ಬಿಗಿದಿದ್ದಳು. ಅದಕ್ಕಾಗಿ ಯೋಚಿಸಬೇಕಾಗಿಯೇ ಇರಲಿಲ್ಲ, ಗುಂಡಿಯೇ ಆ ಯೋಚನೆ ಮಾಡುತ್ತಿತ್ತು. ಈಗ ಮನೆಯಲ್ಲಿ ಗುಂಡಿಯಿಲ್ಲ. ಗಾಡಿಯನ್ನು ಎತ್ತಿಟ್ಟು, ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿದ್ದಾಗ ಬಿಗಿದುಬಿಟ್ಟಿದ್ದಳು. ರಬ್ಬರು ಆ ಜೋತುಬಿದ್ದ ಭಂಗಿಯನ್ನೇ ಕಚ್ಚಿ ಹಿಡಿದಿತ್ತು. ಈಗ ನೆಲಕ್ಕಿಳಿಸಿದರೆ, ತಿರುಚಿಕೊಂಡು, ಇಳಿಯಲಾರೆ ಎಂದು ಹಠ ಮಾಡುತ್ತಿತ್ತು. ನಿನ್ನೆ ಮೊನ್ನೆ ಕೆಲಸ ಕಲಿತವನೂ ಮಾಡದ ತಪ್ಪು. ಮಾಡಬೇಕಾದರೆ ಮೂವತ್ಮೂರು ವರ್ಷದ ಅನುಭವವೇ ಬೇಕು.

"ರೀ, ನಾನೊಬ್ಳು ಪೆದ್ದಿ" ಅಂದಳು.

ಮೇಷ್ಟ್ರು ಈ ಮಾತಿಗಾಗಿ ಮದುವೆಯಾದಾಗಿನಿಂದ ಕಾದಿದ್ದರು. ಆದರೆ ಬಂದಾಗ "ಇರಲಿ ಬಿಡು" ಅಂದುಬಿಟ್ಟರು.

ದಪ್ಪ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ನಾಲ್ಕು ಗೋಪುರ ಕಟ್ಟಿ, ಗಾಡಿಯನ್ನು ಅದರ ಚಕ್ರಗಳ ಮೇಲೆಯೇ ನಿಲ್ಲಿಸಿದ್ದಾಯಿತು. ಎಲ್ಲ ಬೋಲ್ಟುಗಳನ್ನು ಸಡಿಲಿಸಿದಾಗ ಗಾಡಿ ಉಸ್ಸೆಂದು ಮೂರು ಬೆರಳು ಕೆಳಗಿಳಿಯಿತು. ತಿರುಚಿ ಹರಿದಿದ್ದ ಒಂದು ಬುಷ್ ಬದಲಾಯಿತು. ಇನ್ನು ಓಡಿಸುವವರ ಭಾರ ಸೀಟಿನ ಮೇಲಿರುವಾಗ ಬಿಗಿಯಬೇಕು. ಓಡಿಸುವವಳು ಕೆಳಗೆ ಮಲಗಿದ್ದಾಳೆ.

"ನಾನು ಕೂರ್ಲಾ?" ಅಂದರು ಮೇಷ್ಟ್ರು, ಉತ್ಸಾಹದಿಂದ.

"ನಾನಿರೋದು ಐವತ್ನಾಲ್ಕು ಕಿಲೋ. ನೀವು ಕೂತ್ರೆ ಲೆಕ್ಕವೇ ಬೇರೆ ಆಗುತ್ತೆ. ನಿಮ್ಮ ಪುಸ್ತಕ ತನ್ನಿ."

ಹೀಗೆ ಮೇಷ್ಟ್ರ ಭೂಪಟದ ಪುಸ್ತಕಗಳು ತೂಕದ ಯಂತ್ರವನ್ನು ಹತ್ತಿ ಇಳಿದು ಓಟದ ಸೀಟಿನಲ್ಲಿ ಕೂತವು.

"ಎಷ್ಟಾಯ್ತು?" ಕೆಳಗಿಂದ ದನಿ.

"ಐವತ್ತೆರಡು. ಆಫ್ರಿಕಾ ಹಾಕ್ಲಾ?"

"ಎಷ್ಟಿದೆ ಅದು?"

"ಎರಡೂಕಾಲು."

"ಹಾಕಿ. ಕಾಲು ಕಿಲೋ ಊಟ ಮಾಡಿದೀನಿ ಅಂದ್ಕೊಳ್ಳೋಣ."

ಆರನೇ ವಾರದ ಭಾನುವಾರ ಬೆಳಿಗ್ಗೆ ತಮ್ಮ ಮತ್ತೆ ಚಕ್ರ ಹಿಡಿದು ಅಲ್ಲಾಡಿಸಿದ. ಚಕ್ರ ಅಲ್ಲಾಡಲಿಲ್ಲ, ಅಲ್ಲಾಡಿದ್ದು ಅವನೇ. ನಾಲ್ಕು ಸಲ ಪ್ರಯತ್ನಿಸಿ, ಜಾಕಿ ಇಳಿಸಿ, ಗಾಡಿಯ ಮೂಗನ್ನು ಹಿಡಿದೆತ್ತಿ ಬಿಟ್ಟ. ಮೂಗು ಸಲೀಸಾಗಿ ಮೇಲೆ ಬಂತು, ಇಳಿಯುವಾಗ ಮಾತ್ರ ಬಸುರಿಯ ಹಾಗೆ ನಿಧಾನಕ್ಕೆ ಇಳಿಯಿತು.

"ಶಾಕ್ ಅಬ್ಸಾರ್ಬರ್ ಹೋಗಿದೆ ಅಕ್ಕ."

"ಹೋಗಿಲ್ಲ. ಮೇಲೆ ಹೋಗೋವಾಗ ಸಡಿಲ, ಕೆಳಗೆ ಬರೋವಾಗ ಬಿಗಿ. ನಾನೇ ಬಿಚ್ಚಿ ಹಂಗೆ ಮಾಡಿರೋದು. ಹೊರಡೋವಾಗ ಮೂಗು ಎದ್ರೆ ಭಾರ ಹಿಂದಿನ ಚಕ್ರಕ್ಕೆ ಬಿದ್ದು ಅದು ನೆಲಾನ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ಇಳಿಯೋವಾಗ ಮೆತ್ತಗೆ ಇಳಿಯುತ್ತೆ."

"ಪುಸ್ತಕದಲ್ಲಿ ಹಂಗೇನೂ ಬರೆದಿಲ್ಲ."

"ಮಾಡಬಾರದು ಅಂತ ಬರೆದಿದ್ಯಾ? ತೋರಿಸು."

ಅವನು ಪುಟ ತಿರುವಿದ. ಮತ್ತೆ ತಿರುವಿದ. ಹಿಂದಿನ ಗಾಡಿಗಳವರು ಹಾರ್ನ್ ಹೊಡೆದರು. ಗುಂಡಿಯಮ್ಮ ಹೆಲ್ಮೆಟ್ ಹಾಕಿಕೊಂಡು ಸೀಟಿನಲ್ಲಿ ಕೂತು ಬೆಲ್ಟು ಬಿಗಿದಳು. "ನಿಧಾನಕ್ಕೆ ಓದು. ಮಧ್ಯಾಹ್ನದವರೆಗೂ ಇಲ್ಲೇ ಇರ್ತೀನಿ."

"ಅಕ್ಕ, ಹಠ ಮಾಡಬೇಡ."

"ಹಠ ಅಲ್ಲ ಕಣೋ. ನಿನ್ನ ಕಣ್ಣಾರೆ ನೋಡು. ಇಪ್ಪತ್ತು ಮಾರು ಬಿಡ್ತೀನಿ, ಮೂಗೆತ್ತಿ ಇಳಿಸ್ತೀನಿ. ಚಕ್ರ ನಡುಗಿದ್ರೆ ನಾನೇ ತಳ್ಕೊಂಡು ಹೋಗಿ ಪ್ರದರ್ಶನದಲ್ಲಿ ನಿಲ್ಲಿಸ್ತೀನಿ."

ತಮ್ಮ ಅತ್ತಿತ್ತ ನೋಡಿದ. ಆಮೇಲೆ ಆ ಬಿಳಿ ಅಂಗಿಯಲ್ಲೇ ತಡೆಗೋಡೆಯ ಹಿಂದೆ ಬೋರಲು ಮಲಗಿ, ಕೆಳಗಿನ ಸಂದಿಯಲ್ಲಿ ಕಣ್ಣಿಟ್ಟು, ಕೈ ಎತ್ತಿದ.

ಗಾಡಿ ಗುಟುರು ಹಾಕಿತು. ಮುಂದಿನ ಚಕ್ರಗಳು ನೆಲ ಬಿಟ್ಟು ಗೇಣೆತ್ತರ ಎದ್ದು, ಮೆತ್ತಗೆ, ಸದ್ದಿಲ್ಲದೆ ಇಳಿದವು. ನಡುಕವಿಲ್ಲ, ಓಲಾಟವಿಲ್ಲ. ತಮ್ಮ ಎದ್ದ. ಎದೆಯ ಮೇಲೆ ಡಾಂಬರಿನ ಮಸಿ ಮೆತ್ತಿತ್ತು. ಅದನ್ನು ಒರೆಸಿಕೊಳ್ಳದೆ ತಪಾಸಣೆಯ ಚೀಟಿಗೆ ಸಹಿ ಹಾಕಿದ.

ಓಟದಲ್ಲಿ ಗುಂಡಿಯಮ್ಮ ಸೋತಳು. ಪಕ್ಕದ ಗಾಡಿಯವನು ಅವಳಿಗಿಂತ ಮೂವತ್ತು ವರ್ಷ ಚಿಕ್ಕವನು, ಒಂದು ಗಾಡಿಯುದ್ದ ಮುಂದೆ ಹೋದ. ಗೆರೆ ದಾಟಿದ ಮೇಲೆ, ವೇಗ ಇನ್ನೂ ಇಳಿಯುತ್ತಿರುವಾಗ, ಅವಳು ಎರಡೂ ಕೈಗಳನ್ನು ಸ್ಟೇರಿಂಗಿನಿಂದ ಮೇಲೆತ್ತಿದಳು. ಎಣಿಸಿದರೆ ಮೂರು ಸೆಕೆಂಡು. ಗಾಡಿ ಅತ್ತಿತ್ತ ಹೊರಳದೆ, ಮೇಷ್ಟ್ರು ಅಡಿಕೋಲಿಟ್ಟು ಎಳೆದ ಗೆರೆಯಂತೆ ಹೋಯಿತು.

ಮೇಷ್ಟ್ರು ಚಪ್ಪಾಳೆ ತಟ್ಟಿದರು. ತಮ್ಮ ಕಿರುಚಿದ.

ಗಾಡಿ ವಾಪಸ್ ಬರುವಷ್ಟರಲ್ಲಿ ಅವನು ಎಚ್ಚರಿಕೆಯ ನೋಟಿಸು ಹಿಡಿದು ಕಾಯುತ್ತಿದ್ದ. "ಏನ್ ತಲೆ ಕೆಟ್ಟಿದ್ಯಾ ನಿನಗೆ? ಇನ್ನೊಂದು ಸಲ ಹಿಂಗೆ ಮಾಡಿದ್ರೆ ಟ್ರ್ಯಾಕಿಗೇ ಬಿಡಲ್ಲ. ತಗೋ."

ಗುಂಡಿಯಮ್ಮ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದಳು. "'ಚಾಲಕಿಯು ಚಲಿಸುತ್ತಿರುವ ವಾಹನದಲ್ಲಿ ಎರಡೂ ಕೈಗಳನ್ನು ಬಿಟ್ಟಿರುತ್ತಾರೆ.' ಸರಿಯಾಗೇ ಬರೆದಿದೀಯ. 'ಆದರೂ ವಾಹನ ನೇರವಾಗಿ ಚಲಿಸಿತು' ಅಂತಾನೂ ಸೇರಿಸು."

"ಅದಕ್ಕೆ ಇದರಲ್ಲಿ ಜಾಗ ಇಲ್ಲ."

"ಪಕ್ಕದಲ್ಲಿ ಬರಿ."

"ಅಕ್ಕ..."

"ಸುಳ್ಳೇನೋ ಅದು?"

ತಮ್ಮ ಒಂದು ಗಳಿಗೆ ಅವಳನ್ನು, ಒಂದು ಗಳಿಗೆ ಮುಂದಿನ ಚಕ್ರಗಳನ್ನು ನೋಡಿದ. ಆಮೇಲೆ ಕಾಗದವನ್ನು ಗಾಡಿಯ ಬಿಸಿ ಬಾನೆಟ್ಟಿನ ಮೇಲಿಟ್ಟು, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆಯತೊಡಗಿದ.