ಯಾರದೂ ಅಲ್ಲದ ಎಲುಬು

ಚೆನ್ನೈಗೆ ಬಂದ ಮೊದಲ ದಿನ ನನಗೆ ತೋರಿಸಿದ್ದು ಯಾರದೂ ಅಲ್ಲದ ಒಂದು ಸೊಂಟದ ಎಲುಬು. ಮೊದಲ ದಿನವೋ, ಆ ವಾರದ ಕೊನೆಗೋ. ಮೊದಲ ದಿನ ಎಂದರೆ ಓದಲು ಚೆಂದ, ಅದಕ್ಕೇ ನನಗೆ ಅನುಮಾನ. ಪೆರುಂಗುಡಿಯ ಆಫೀಸಿನಲ್ಲಿ ನೂರಾರು ಎಕ್ಸ್‌ರೇಗಳ ಮೇಲೆ, ಎಲುಬಿನ ಅಂಚಿನುದ್ದಕ್ಕೂ ಚುಕ್ಕಿ ಇಡುವುದು ನಮ್ಮ ಕೆಲಸ. ಕಂಪ್ಯೂಟರ್ ಎಲ್ಲವನ್ನೂ ಒಂದರ ಮೇಲೊಂದು ಕೂರಿಸಿ ಯಾರದೂ ಅಲ್ಲದ ಆ ಸರಾಸರಿ ಆಕಾರ ತೆಗೆಯುತ್ತದೆ; ಅದು ಎಷ್ಟರಮಟ್ಟಿಗೆ ಬದಲಾಗಬಹುದೆಂದೂ ಕಲಿಯುತ್ತದೆ. ಹೀಗೆ ಕಲಿತ ಮಾಡೆಲ್, ಹೊಸ ಎಕ್ಸ್‌ರೇ ಕೊಟ್ಟರೆ ಅಂಚನ್ನು ತಾನೇ ಬರೆಯುತ್ತದೆ.

ಗದಗಿನ ನಮ್ಮ ಓಣಿಯಲ್ಲಿ ಹೆಜ್ಜೆ ಸಪ್ಪಳದಿಂದಲೇ ಯಾರೆಂದು ಹೇಳುತ್ತಿದ್ದೆವು, ಕುಂಟುವವರನ್ನು ಎಲ್ಲರಿಗಿಂತ ಮೊದಲು. ಇಲ್ಲಿ ಕುಂಟುವವರ ಎಕ್ಸ್‌ರೇಗಳನ್ನೇ ಮೊದಲು ಪಕ್ಕಕ್ಕಿಡುತ್ತಿದ್ದರು. ಅವನ್ನೂ ಸೇರಿಸೋಣ ಎಂದು ನಾನು ಹೇಳಿದಾಗಲೆಲ್ಲ ತಂಡದ ಮುಖ್ಯಸ್ಥ ಸೆಂದಿಲ್, "ಎಡುತ್ತುಡುಂಗ ಮೇಡಂ" ಎನ್ನುತ್ತಿದ್ದರು. ತೆಗೆದುಬಿಡಿ ಎಂದರ್ಥ. ನನಗೆ ಬಂದ ಮೊದಲ ತಮಿಳು ಅದೇ.

"ಆಸ್ಪತ್ರೆಯವರಿಗೆ ಡೆಮೊ ಇದೆ. ಗೆರೆ ನೀಟಾಗಿ ಬರಬೇಕು."

"ಆಸ್ಪತ್ರೆಗೆ ಬರೋದು ನೋವಿದ್ದವರೇ ಅಲ್ಲವಾ?"

"ಅದು ಮುಂದಿನ ವರ್ಷನ್‌ನಲ್ಲಿ."

ಅಣ್ಣಾ ನಗರ್‌ನಲ್ಲಿ ನನ್ನ ಮನೆಯೊಡತಿ ಕಮಲಮ್ಮ, ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಕನ್ನಡದವರು. ನೀರಿನ ಲಾರಿ ಬಂದರೆ ಪ್ಲಾಸ್ಟಿಕ್ ಕೊಡ ಹಿಡಿದು, ಎಡಗಾಲು ಎಳೆಯುತ್ತ, ಸಾಲಿನಲ್ಲಿ ನಮಗಿಂತ ಮುಂದಿರುತ್ತಿದ್ದರು. "ನೀನು ಮಾತಾಡೋದು ಕನ್ನಡವೋ ಜಗಳವೋ?" ಎಂದು ನನ್ನನ್ನು ರೇಗಿಸುತ್ತಿದ್ದರು. ಅವರ ಕನ್ನಡಕ್ಕೆ ಮೊಮ್ಮಗಳು ತಮಿಳಿನಲ್ಲೇ ಉತ್ತರಿಸುತ್ತಾಳೆ, ಅದಕ್ಕೆ ಅವರ ತಕರಾರಿಲ್ಲ.

ಒಂದು ಭಾನುವಾರ ತಮ್ಮ ಎಕ್ಸ್‌ರೇ ತಂದುಕೊಟ್ಟರು. "ನಿನ್ನ ಮೆಷಿನ್‌ಗೆ ತೋರ್ಸಮ್ಮಾ. ಡಾಕ್ಟರಿಗೆ ಯಾವಾಗಲೂ ಅವಸರ."

ಸೊಂಟದೊಳಗೆ ಕೂರುವ ತೊಡೆಯೆಲುಬಿನ ತಲೆ ಕುಸಿದು ಚಪ್ಪಟೆಯಾಗಿತ್ತು, ನೋಡಿದೊಡನೆ ತಿಳಿಯುವಷ್ಟು. ನಮ್ಮ ಮಾಡೆಲ್ ಅದರ ಮೇಲೆ ಗುಂಡನೆಯ ಹಸಿರು ಗೆರೆ ಎಳೆಯಿತು. ಗಟ್ಟಿ ಎಲುಬುಗಳನ್ನಷ್ಟೇ ಕಂಡದ್ದು ಇನ್ನೇನು ಬರೆದೀತು? ಸೆಂದಿಲ್‌ಗೆ ತೋರಿಸಿದೆ. "ಎಡುತ್ತುಡುಂಗ."

ಆ ಹಸಿರು ಗೆರೆಯ ಪ್ರಿಂಟ್ ನೋಡಿ ಕಮಲಮ್ಮ ಹಿಗ್ಗಿದರು. "ರೊಂಬ ಚೆನ್ನಾಗಿದೆಯಲ್ಲ! ಯಾರ್ದಮ್ಮಾ ಈ ಗೆರೆ?"

"ನಿಮ್ದ ಅಂತ ಹೇಳತೈತ್ರಿ ಅದು."

"ಹಾಗಾದ್ರೆ ನೋವು ಯಾರ್ದು?"

ಡೆಮೊ ಗೆದ್ದಿತು. ಚಪ್ಪಾಳೆಯಲ್ಲಿ ನನ್ನ ಕೈಗಳೂ ಇದ್ದವು.

ಹಬ್ಬಕ್ಕೆ ಊರಿಗೆ ಹೋದಾಗ ಅವ್ವ, "ಮಾತು ಮೆತ್ತಗಾಗ್ಯಾವಲ್ಲ, ಯಾರ ಮನಿ ಹುಡುಗಿ ನೀ?" ಎಂದು ನಕ್ಕಳು. ವಾಪಸು ಚೆನ್ನೈನ ಕೋಯಂಬೇಡಿನಲ್ಲಿ ಬಸ್ಸಿಳಿದು ಬಾಯಿ ತೆರೆದೊಡನೆ ಆಟೋದವನು ಹೊರಗಿನವಳೆಂದು ಗುರುತು ಹಿಡಿದು ಬಾಡಿಗೆ ಏರಿಸಿದ. ನಾನೂ ಒಂದು ಸರಾಸರಿಯಾಗುತ್ತಿದ್ದೇನೆ ಎಂದು ಬರೆಯುವುದು ಸುಲಭ. ಸುಳ್ಳು, ಎರಡೂ ಕಡೆ ನಾನು ಗೆರೆಯ ಹೊರಗೇ ಇದ್ದೇನೆ.

ಮರುದಿನ ಕಮಲಮ್ಮನ ಎಕ್ಸ್‌ರೇ ತೆರೆದು, ಕುಸಿದ ಅಂಚಿನುದ್ದಕ್ಕೂ ನನ್ನ ಕೈಯಿಂದಲೇ ಚುಕ್ಕಿ ಇಟ್ಟು ಮಾಡೆಲ್‌ಗೆ ಸೇರಿಸಿದೆ. ಸೆಂದಿಲ್ ತೆಗೆಯುತ್ತಾರೆ, ಗೊತ್ತು. ತೆಗೆಯುವವರೆಗೆ ಸರಾಸರಿ ಕೂದಲೆಳೆಯಷ್ಟಾದರೂ ಕಮಲಮ್ಮನ ಕಡೆ ವಾಲಿರುತ್ತದೆ.