ಕೆಳಗಿನಕ್ಕ ಹೇಳುತ್ತಿದ್ದ ಒಂದು ಮಾತು

ಆಸ್ಪತ್ರೆಯ ಹಿಂಭಾಗದಲ್ಲಿ, ಹಾಸಿಗೆ ಬಟ್ಟೆ ಒಗೆಯುವ ಕೋಣೆ ದಾಟಿ ಒಂಬತ್ತು ಮೆಟ್ಟಿಲು ಇಳಿದರೆ ಶವಾಗಾರ. ತೀರಿಕೊಂಡ ಹೆಂಗಸರನ್ನು ಮನೆಯವರಿಗೆ ಒಪ್ಪಿಸುವ ಮುನ್ನ ಮೈ ಒರೆಸಿ, ತಲೆ ಬಾಚಿ, ಬಟ್ಟೆ ತೊಡಿಸುವುದು ಅವಳ ಕೆಲಸ. ಇಪ್ಪತ್ತಾರು ವರ್ಷ ಮಾಡಿದಳು. ಮೇಲಿನವರೆಲ್ಲ ಅವಳನ್ನು ಕೆಳಗಿನಕ್ಕ ಎನ್ನುತ್ತಿದ್ದರು. ಕ್ಯಾಂಟೀನಿನಲ್ಲಿ ಅವಳು ಕುಳಿತ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳಿಗೂ ಬಾಯಿಗೆ ಬೀಗ ಇರಲಿಲ್ಲ. ಒಂದು ಮಧ್ಯಾಹ್ನ ಭಾರೀ ಮೈಯ ಹೆಂಗಸೊಬ್ಬಳನ್ನು ನಾಲ್ವರು ಸೇರಿ ಮೇಜಿಗೆ ಎತ್ತಿಹಾಕಿದರು. ಇವಳನ್ನು ಹೊರಲು ಕ್ರೇನ್ ಬೇಕಿತ್ತು ಎಂದು ಒಬ್ಬ ಅಂದ. ಕೆಳಗಿನಕ್ಕನೂ ನಕ್ಕಳು. ಅವರು ಹೋದ ಮೇಲೆ ಬೆನ್ನು ಒರೆಸಲು ಮಗ್ಗುಲಿಗೆ ತಿರುಗಿಸಿದಳು. ಆ ಹೆಂಗಸಿನ ಕೈ ಜಾರಿ ಕೆಳಗೆ ಬಂತು, ಬೆರಳುಗಳು ಇವಳ ಏಪ್ರನ್ನಿನ ಜೇಬಿಗೆ ಸಿಕ್ಕಿಕೊಂಡವು. ಬಿಡಿಸಿದರೆ ಬಿಡಲೊಲ್ಲವು. ಮೈ ಸೆಟೆದುಕೊಂಡಾಗ ಹೀಗೆಲ್ಲ ಆಗುವುದುಂಟು ಎಂದು ಡಾಕ್ಟರು ಆಮೇಲೆ ಹೇಳಿದರು. ಆದರೆ ಅರ್ಧ ಗಂಟೆ ಅವಳು ಆ ಮುಖದ ಮೇಲೆ ಬಗ್ಗಿಕೊಂಡೇ ನಿಂತಿದ್ದಳು. ಕೊನೆಗೆ ಬೇರೇನೂ ತೋಚದೆ, "ನಿಮ್ಮ ಕೈ ಎಷ್ಟು ಮೆತ್ತಗಿದೆ ಅಮ್ಮ" ಎಂದಳು. ಸುಳ್ಳಲ್ಲ, ಮೆತ್ತಗೇ ಇತ್ತು. ಬೆರಳು ಸಡಿಲವಾಯಿತು.

ಅಂದಿನಿಂದ ಪ್ರತಿಯೊಬ್ಬರಿಗೂ ಒಂದು ಮಾತು. ಹೊಟ್ಟೆಯ ಮೇಲಿನ ಹೆರಿಗೆ ಗೆರೆಗಳಿಗೆ, ಮೂಳೆ ಎದ್ದ ಭುಜಕ್ಕೆ, ಗಿಡ್ಡ ಬೆರಳಿಗೆ, ಒಂದೇ ಉಳಿದ ಮೊಲೆಗೆ. ಕಾಣುವತನಕ ನೋಡುತ್ತಿದ್ದಳು, ಕಂಡದ್ದನ್ನಷ್ಟೇ ಹೇಳುತ್ತಿದ್ದಳು. ಒಬ್ಬರನ್ನು ಇನ್ನೊಬ್ಬರ ಪಕ್ಕ ಇಟ್ಟು ತೂಗುತ್ತಿರಲಿಲ್ಲ. ದಪ್ಪಗಿದ್ದರೂ ಲಕ್ಷಣ, ಕಪ್ಪಗಿದ್ದರೂ ಕಳೆ ಎಂದು ಜನ ಹೇಳುತ್ತಾರಲ್ಲ, ಆ 'ಇದ್ದರೂ' ಮಾತ್ರ ಅವಳ ಬಾಯಿಂದ ಬರುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಹದಿನೇಳನೆಯ ವರ್ಷವೋ ಹದಿನೆಂಟನೆಯದೋ, ತೆಳ್ಳನೆಯ ಹೆಂಗಸೊಬ್ಬಳು ಬಂದಳು. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವಳು, ನಲವತ್ತೂ ದಾಟಿರಲಿಲ್ಲ. ಅವಳ ಅಕ್ಕ ಬಟ್ಟೆಯ ಗಂಟು ತಂದಳು. ಗೌನಿನ ಜೊತೆ ದಪ್ಪ ಬಟ್ಟೆಯ ಮೂರು ಒಳಲಂಗ. ಮೂರನ್ನೂ ಒಂದರ ಮೇಲೊಂದು ತೊಡಿಸಿ ಎಂದಳು. ಮೈ ತುಂಬಿದ ಹಾಗೆ ಕಾಣಲೆಂದು ತಂಗಿ ಬೇಸಿಗೆಯಲ್ಲೂ ಹಾಗೇ ತೊಡುತ್ತಿದ್ದಳಂತೆ. ಇಲ್ಲದಿದ್ದರೆ ನೋಡಿದವರೆದುರು ಅವಳಿಗೆ ನಾಚಿಕೆಯಾಗುತ್ತದೆ ಎಂದು ಬಾಗಿಲಲ್ಲೇ ನಿಂತಳು.

ಮೊದಲ ಲಂಗದ ಲಾಡಿ ಬಿಗಿದ ಕೂಡಲೇ ಪಟ್ಟನೆ ಹರಿಯಿತು. ಹಳೆಯದಿರಬೇಕು ಎಂದು ಎರಡನೆಯದನ್ನು ತೆಗೆದುಕೊಂಡಳು. ಅದರ ಲಾಡಿ ಗಂಟು ಹಾಕುವಾಗಲೇ ಸರಕ್ಕನೆ ಪೂರ್ತಿ ಕೈಗೆ ಬಂತು. ಮೂರನೆಯದು ಹೊಚ್ಚ ಹೊಸದು. ಇನ್ನೂ ಬಿಗಿದಿರಲಿಲ್ಲ, ಸೊಂಟದ ಹೊಲಿಗೆ ಉದ್ದಕ್ಕೂ ತಾನಾಗಿ ಬಿಚ್ಚಿಕೊಂಡಿತು. ಇಬ್ಬರೂ ನೋಡಿದರು. ಗೋಡೆಯ ಫ್ಯಾನು ಗುರ್ರೆನ್ನುತ್ತಿತ್ತು.

"ಇವರಿಗೆ ಬೇಡ ಅನ್ಸುತ್ತೆ," ಎಂದಳು ಕೆಳಗಿನಕ್ಕ.

ಅಕ್ಕನ ತುಟಿ ಬಿಳಿಚಿತ್ತು. ಕಡ್ಡಿ ಅಂತ ಕರೆದದ್ದು ನಾನೇ, ಅವಳಿಗೆ ಆರು ವರ್ಷ ಆಗ, ಆಮೇಲೆ ಮನೆಯಲ್ಲಿ ಅವಳ ಹೆಸರೇ ಅದಾಗಿಹೋಯಿತು ಎಂದು ಒಂದೇ ಉಸಿರಿಗೆ ಹೇಳಿಕೊಂಡಳು. ಕೆಳಗಿನಕ್ಕ ಸಮಾಧಾನ ಮಾಡಲಿಲ್ಲ. ಹತ್ತಿರ ಬಂದು ನೋಡಿ, ಕಂಡದ್ದರಲ್ಲಿ ಒಂದು ಒಳ್ಳೆಯ ಮಾತು ಹೇಳಿ ಎಂದಳು. ಅಕ್ಕ ತುಂಬ ಹೊತ್ತು ನೋಡಿದಳು. ಹುಟ್ಟಿದಾಗಿನಿಂದ ಕಂಡ ಮೈಯನ್ನು ಅಂದೇ ಮೊದಲು ನೋಡಿದ ಹಾಗೆ.

"ನಿನ್ನ ಕುತ್ತಿಗೆ ಎಷ್ಟು ಚೆಂದ ಇದೆಯೇ," ಎಂದಳು. "ಎಷ್ಟು ನೀಳ."

ಆಗ ಮೇಜಿನ ಮೇಲಿಂದ ನಿಟ್ಟುಸಿರೊಂದು ಬಂತು. ಸತ್ತವರ ಎದೆಯಲ್ಲಿ ಉಳಿದ ಗಾಳಿ ಮಗ್ಗುಲು ತಿರುಗಿಸಿದಾಗ ಹಾಗೆ ಹೊರಬೀಳುವುದನ್ನು ಕೆಳಗಿನಕ್ಕ ನೂರು ಸಲ ಕೇಳಿದ್ದಳು. ಆದರೆ ಈಗ ಯಾರೂ ಮುಟ್ಟಿರಲಿಲ್ಲ. ಗೌನನ್ನಷ್ಟೇ ತೊಡಿಸಿದರು. ಹೋಗುವಾಗ ಅಕ್ಕ ಮೆಟ್ಟಿಲ ಮೇಲೆ ನಿಂತು, "ಇದನ್ನ ಅವಳು ಇದ್ದಾಗ ಹೇಳಿದ್ರೆ ನನ್ನ ಗಂಟೇನು ಹೋಗ್ತಿತ್ತು?" ಎಂದು ಕೇಳಿದಳು.

ಆ ಮಾತು ಕೆಳಗಿನಕ್ಕನ ಬೆನ್ನು ಹತ್ತಿ ಮನೆತನಕ ಬಂತು. ಬದುಕಿದ್ದವರಿಗೆ ತಾನು ಏನು ಹೇಳಿದ್ದೇನೆ ಎಂದು ನೆನೆದರೆ ಒಂದೂ ಸಿಗಲಿಲ್ಲ. ಮನೆಯಲ್ಲಿ ಸೊಸೆ ಇದ್ದಳು. ಹೆರಿಗೆಯಾಗಿ ಎಂಟು ತಿಂಗಳು, ಮೈ ಬಂದಿತ್ತು, ಗಂಡನ ದೊಗಲೆ ಅಂಗಿ ಬಿಟ್ಟು ಬೇರೆ ತೊಡುತ್ತಿರಲಿಲ್ಲ, ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದಳು. ಮರುದಿನ ಅವಳು ತೋಳು ಮಡಚಿ ಪಾತ್ರೆ ತೊಳೆಯುತ್ತಿದ್ದಾಗ ಅತ್ತೆ ಪಕ್ಕದಲ್ಲಿ ನಿಂತು, "ತೋಳು ಎಷ್ಟು ಚೆನ್ನಾಗಿ ತುಂಬ್ಕೊಂಡಿದೆ ನಿಂದು. ಮಗು ಒರಗಿದ್ರೆ ಏಳೋಕೇ ಒಪ್ಪಲ್ಲ," ಎಂದಳು.

ಸೊಸೆಯ ಕೈಯಿಂದ ಲೋಟ ಜಾರಿತು.

"ಅತ್ತೆ, ಆ ಥರ ಮಾತು ನೀವು ಯಾರಿಗೆ ಹೇಳೋದು ಅಂತ ಇಡೀ ಬೀದಿಗೇ ಗೊತ್ತು."

ವಾರವಿಡೀ ಸೊಸೆ ಅತ್ತೆಯ ಕಣ್ಣಿಗೆ ಬೀಳದಂತೆ ಓಡಾಡಿದಳು. ಇನ್ನು ತನ್ನ ಸರದಿಯೇನೋ ಎಂಬಂತೆ ಸಣ್ಣ ನೆಗಡಿಗೂ ಡಾಕ್ಟರ ಹತ್ತಿರ ಓಡಿದಳು. ಕೆಳಗಿನಕ್ಕನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಕಂಡದ್ದನ್ನು ಹೇಳುವುದಷ್ಟೇ ಸಾಲದು, ಕೇಳಿಸಿಕೊಳ್ಳುವವಳಿಗೆ ಬೇಕೋ ಬೇಡವೋ ಎಂದು ಕೇಳಬೇಕು. ಕೆಳಗೆ ಮಲಗಿದವರು ಯಾರೂ ಬೇಡ ಎಂದಿರಲಿಲ್ಲವಾದ್ದರಿಂದ ಅವಳಿಗೆ ಅದು ಹೊಳೆದೇ ಇರಲಿಲ್ಲ. ಒಂದು ಬೆಳಿಗ್ಗೆ ದೂರದಲ್ಲೇ ನಿಂತು, ಅವತ್ತು ಹೆದರಿಸಿಬಿಟ್ಟೆ, ಇನ್ನು ನೀನಾಗಿ ಕೇಳದೆ ಹೇಳಲ್ಲ ಎಂದಳು. ಮಾತು ಉಳಿಸಿಕೊಂಡಳು.

ಎರಡು ತಿಂಗಳಾದ ಮೇಲೆ ಸೊಸೆ ಮಗುವನ್ನು ಮಲಗಿಸಿ ತಾನಾಗಿ ಬಂದು ಎದುರಿಗೆ ನಿಂತಳು. "ಹೇಳಿ ಅತ್ತೆ. ಏನು ಕಾಣ್ಸುತ್ತೆ?"

ಕೆಳಗಿನಕ್ಕ ನೋಡಿದಳು, ಕೆಳಗಿನ ಕೋಣೆಯಲ್ಲಿ ನೋಡುವ ಹಾಗೆಯೇ, ರೆಪ್ಪೆ ಬಡಿಯದೆ. ಸೊಸೆಯ ತೋಳಿನ ರೋಮ ನಿಮಿರಿದವು. ಆದರೂ ಹಿಂದೆ ಸರಿಯಲಿಲ್ಲ. ಅತ್ತೆ ಕೈ ಚಾಚಿದಳು, ಮುಟ್ಟಲೇ ಎಂದು ಕಣ್ಣಲ್ಲೇ ಕೇಳಿ, ಮಣಿಕಟ್ಟು ಹಿಡಿದಳು.

"ಬೆಚ್ಚಗಿದ್ದೀಯ," ಎಂದಳು. ಇಷ್ಟು ವರ್ಷಗಳಲ್ಲಿ ಈ ಮಾತು ಯಾರಿಗೂ ಹೇಳಲು ಬಂದಿರಲಿಲ್ಲ. ಹೇಳಿದ ಮೇಲೂ ಬಹಳ ಹೊತ್ತು ಆ ಕೈ ಬಿಡಲಿಲ್ಲ, ಸೊಸೆಯೂ ಬಿಡಿಸಿಕೊಳ್ಳಲಿಲ್ಲ.