ಸರಿಸಿದ ಕೊಡ

ಸೋಲಾಪುರದ ನಮ್ಮ ಚಾಳಿನಲ್ಲಿ ದಿನಾಲೂ ನೀರು ಬರುವುದಿಲ್ಲ. ಬರುವ ದಿನ ಅಂಗಳದ ಒಂದೇ ನಳದ ಮುಂದೆ ಎಲ್ಲರ ಕೊಡಗಳು ಸಾಲಾಗಿ ನಿಲ್ಲುತ್ತವೆ. ಆ ಸಾಲನ್ನು ನೋಡಿಕೊಳ್ಳುವವಳು, ಚಾಳಿನವರೆಲ್ಲ 'ಬಾಯಾರ' ಎಂದು ಕರೆಯುವ ನಾನು, ಯಾರೂ ನೇಮಿಸಿದ್ದಲ್ಲ. ಅಪ್ಪ ಹೋಟಗಿ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದರು. ನಮ್ಮ ಮನೆಯ ಸ್ನಾನ, ಊಟ, ನಿದ್ದೆಯೆಲ್ಲ ಗಾಡಿಗಳ ವೇಳೆಗೆ ನಡೆಯುತ್ತಿದ್ದವು. ತಡವಾಗಿ ಬಂದವರಿಗೆ ಊಟವಿಲ್ಲ, ತಾಟು ಎತ್ತಿಬಿಡುತ್ತಿದ್ದರು. ಅದೇ ರೂಢಿಯನ್ನು ನಾನು ನಳಕ್ಕೂ ತಂದೆ. ಪಾಳಿ ಬಂದಾಗ ಕೊಡದ ಹತ್ತಿರ ಮನುಷ್ಯ ಇರಬೇಕು, ಇಲ್ಲದಿದ್ದರೆ ಕೊಡ ಸಾಲಿನ ಕೊನೆಗೆ. ಅಂದಿನಿಂದ ಜಗಳಗಳು ಕಡಿಮೆಯಾದವು ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ.

ಮೇಲಿನ ಮನೆಯ ರಿಕ್ಷಾದವನು ಆ ಮುಂಜಾನೆ ಕೊಡ ಇಟ್ಟು, "ಬಾಯಾರ, ಸಾಲಿ ಹುಡುಗೂರನ್ನ ಬಿಟ್ಟು ಬರ್ತೀನ್ರಿ. ಸ್ವಲ್ಪ ಲಕ್ಷ ಇರಲಿ" ಎಂದ. ನಾನು ಹೂಂ ಅಂದೆ. ಪಾಳಿ ಬಂದಾಗ ಅವನಿರಲಿಲ್ಲ. ಕೊಡವನ್ನು ನಾನೇ ಎತ್ತಿ ಕೊನೆಗಿಟ್ಟೆ. ಅವನ ಹಿಂದಿದ್ದ ಮುದುಕರೊಬ್ಬರು, ಗಿರಣಿಯಲ್ಲಿ ದುಡಿದು ನಿವೃತ್ತರಾದವರು, ತಮ್ಮ ಕೊಡ ತುಂಬಿಕೊಂಡರು. ಆಮೇಲೆ ನೀರು ನಿಂತಿತು.

ಅವನು ಬಂದವನೇ ತನ್ನ ಖಾಲಿ ಕೊಡ ನೋಡಿದ, ಮುದುಕರ ತುಂಬಿದ ಕೊಡ ನೋಡಿದ. "ಕಾಕಾ, ನನ್ನ ಕೊಡ ಯಾಕ ಸರಸೀರಿ?"

"ನಳಾ ಏನ್ ನಿಮ್ಮಪ್ಪ ಹಾಕಿಸ್ಯಾನೇನೋ? ಊರ ತುಂಬ ರಿಕ್ಷಾ ತಿರುಗಿಸಿ ಬರೂತನಕ ನೀರು ನಿಂಗಂತ ಕಾಯತೈತೇನು?" ಎಂದರು ಮುದುಕರು.

ಇದಾಗುವಾಗ ನಾನು ಮೆಟ್ಟಿಲ ಮೇಲೇ ನಿಂತಿದ್ದೆ. ಸರಿಸಿದವಳು ನಾನು ಎನ್ನಲು ಸಮಯ ಇತ್ತು. ನಿಯಮ ಎಲ್ಲರಿಗೂ ಗೊತ್ತಿದೆ, ನಾನೇಕೆ ಉತ್ತರ ಕೊಡಬೇಕು ಅನ್ನಿಸಿತು. ಅಷ್ಟರಲ್ಲಿ ಅವನು ಕಬ್ಬಿಣದ ಬಕೀಟು ಬೀಸಿದ. ಮುದುಕರು ಕೈ ಅಡ್ಡ ತಂದರು, ಮಣಿಕಟ್ಟು ಮುರಿಯಿತು.

ಪೊಲೀಸರಿಗೆ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಆದರೆ ಅವನು ಅಂಗಳಕ್ಕೆ ಬಂದಲ್ಲಿಂದ ಶುರು ಮಾಡಿದೆ. ಅವನನ್ನು ಕರೆದೊಯ್ದರು. ಬಾಯಾರ ಹೇಳಿಕೆ ಎಷ್ಟು ಸ್ವಚ್ಛ ಎಂದು ಚಾಳಿನವರು ಹೊಗಳಿದರು.

ಊಟಕ್ಕೆ ಕೂತವಳು ತಾಟು ಬಿಟ್ಟು ಎದ್ದೆ. ಮುದುಕರ ಮನೆಗೆ ಹೋಗಿ, ಕೊಡ ಸರಿಸಿದ್ದು ನಾನು ಎಂದೆ.

"ಗೊತ್ತೈತ್ರಿ. ನಾ ಅಲ್ಲೇ ನಿಂತಿದ್ನಲ್ಲ."

"ಮತ್ತ ಅವಂಗ ಯಾಕ ಹೇಳಲಿಲ್ರಿ?"

"ನೀವ ಹೇಳ್ತೀರಿ ಅಂತ ತಿಳ್ಕೊಂಡೆ, ಬಾಯಾರ."

ಅಲ್ಲಿಂದ ನೇರ ಠಾಣೆಗೆ ಹೋದೆ. ಬಿಟ್ಟದ್ದನ್ನು ಸೇರಿಸಿಕೊಳ್ಳಿ ಎಂದೆ. ಬರೆದುಕೊಂಡ ಪೊಲೀಸು, ಕೊಡ ಸರಿಸುವುದು ಗುನ್ಹೆಯಲ್ಲ, ಹೊಡೆದವನು ಅವನೇ, ನೀವು ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದ. ಅವನ ಮಾತು ಸರಿಯೇ. ಬಕೀಟು ಎತ್ತಿದ ಕೈ ನನ್ನದಲ್ಲ. ಆದರೆ ಆ ಸರಿಯಾದ ಮಾತನ್ನು ಹಿಡಿದುಕೊಂಡು ಮನೆಗೆ ಬರಲು ನನ್ನಿಂದ ಆಗಲಿಲ್ಲ. ರಿಕ್ಷಾದವನ ಹೆಂಡತಿಯ ಬಾಗಿಲಿಗೂ ಹೋಗಿ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅವತ್ತ ನಿಮಗ ಬಾಯಿ ಇರಲಿಲ್ಲೇನ್ರಿ?" ಎಂದಷ್ಟೇ ಕೇಳಿದಳು.

ಮತ್ತೆ ನೀರು ಬಂದ ದಿನ ಅವಳ ಕೊಡದ ಪಾಳಿ ಬಂತು, ಅವಳಿರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಮುದುಕರೂ ನೋಡಿದರು. ನಾನು ಅವಳ ಕೊಡವನ್ನು ನಳದ ಕೆಳಗಿಟ್ಟು, ಕಂಠದವರೆಗೆ ತುಂಬಿಸಿದೆ.

ಅವಳು ಬಂದಳು. ತುಂಬಿದ ಕೊಡ ನೋಡಿದಳು, ನನ್ನನ್ನು ನೋಡಿದಳು. ಕೊಡ ಎತ್ತಿ ಅಷ್ಟೂ ನೀರನ್ನು ಮೋರಿಗೆ ಸುರಿದಳು. ಖಾಲಿ ಕೊಡವನ್ನು ಸಾಲಿನ ಕೊನೆಗೆ ತಾನೇ ಇಟ್ಟು, ಅದರ ಪಕ್ಕ ನಿಂತುಕೊಂಡಳು.